ಈ ವಯಸ್ಸಲ್ಲೂ ಅದೆಲ್ಲ ಇರುತ್ತಾ?

ನಾನು ಗೇ ಅಂತ ಗೊತ್ತಾಗಿ, ಸ್ವಲ್ಪ ಸಲಿಗೆ ಬೆಳೆದ ಮೇಲೆ ಜನ ಸುತ್ತಿ ಬಳಸಿ ಈ ಪ್ರಶ್ನೆಗೇ ಬರುತ್ತಾರೆ: ‘ಈ ವಯಸ್ಸಲ್ಲೂ ಅದೆಲ್ಲ ಇರುತ್ತಾ?’ ಚಿಕ್ಕ ವಯಸ್ಸಿನ ಗೇ ಹುಡುಗರು ಇನ್ನೂ ಜಾಸ್ತಿ ಕೇಳುತ್ತಾರೆ. ಅವರ ದನಿಯಲ್ಲಿ ಕುತೂಹಲಕ್ಕಿಂತ ಭಯವೇ ಹೆಚ್ಚು. ನಲವತ್ತು ದಾಟಿದರೆ ಯಾರೂ ತಿರುಗಿ ನೋಡುವುದಿಲ್ಲ ಅಂತ ನಂಬಿಬಿಟ್ಟಿದ್ದಾರೆ.

ಇರುತ್ತದೆ. ನನಗೆ 67, ನನ್ನ ಸಂಗಾತಿಗೆ 71. ಜೊತೆಯಾಗಿ 19 ವರ್ಷವಾಯಿತು. ನಿಜ ಹೇಳಬೇಕೆಂದರೆ, ಪ್ರೀತಿಸುವುದಕ್ಕೆ ಪುರುಸೊತ್ತು ಅಂತ ನಮಗೆ ಸಿಕ್ಕಿದ್ದೇ ಈಗ.

ನಮ್ಮ ವಯಸ್ಸಿನವರು ಇದನ್ನೆಲ್ಲ ಕಲಿತದ್ದು ಅವಸರದಲ್ಲಿ. ದೀಪ ಆರಿಸಿ, ಕಿವಿಯನ್ನು ಬಾಗಿಲ ಕಡೆಗಿಟ್ಟು. ಹೆಸರು ಕೇಳುತ್ತಿರಲಿಲ್ಲ, ಕೇಳಿದರೆ ಸುಳ್ಳು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ಸಲಿಂಗ ಪ್ರೀತಿಯನ್ನು ತೆಗೆದದ್ದು 1990ರಲ್ಲಿ. ಅಷ್ಟೊತ್ತಿಗೆ ನನಗೆ ಮೂವತ್ತು ದಾಟಿತ್ತು. ಅದರ ಮಧ್ಯೆ ಎಚ್‌ಐವಿ ಬಂತು. ನಿಜವಾಗಿ ಕೆಲಸ ಮಾಡುವ ಔಷಧಿಗಳು ಬಂದದ್ದು 1996ರ ಹೊತ್ತಿಗೆ. ಅಷ್ಟರಲ್ಲಿ ಗೆಳೆಯರನ್ನು ಕಳೆದುಕೊಂಡವರು ಎಷ್ಟೋ ಮಂದಿ. ಇವತ್ತು ಮಾತ್ರೆ ತಪ್ಪಿಸದೆ, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಅದು ಹರಡುವುದಿಲ್ಲ. ತಲೆಗೆ ಇದು ಗೊತ್ತು. ಮೈಗೆ ಮಾತ್ರ ಆ ಹಳೇ ಹೆದರಿಕೆ ಮರೆಯಲು ವರ್ಷಗಳೇ ಬೇಕಾದವು.

ಮೈ ಬದಲಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ವಯಸ್ಸು ಎಲ್ಲ ಸೇರಿ ನಿಮಿರುವಿಕೆ ಕಡಿಮೆಯಾಗುತ್ತದೆ. 1998ರಿಂದ ವಯಾಗ್ರ ಇದೆ, ಎಷ್ಟೋ ಜನರಿಗೆ ಸಹಾಯವಾಗಿದೆ. ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ರಕ್ತದೊತ್ತಡ ದಿಢೀರ್ ಅಂತ ಕುಸಿಯುತ್ತದೆ. ಸುಖ ಹೆಚ್ಚಲಿ ಅಂತ ಪಾಪರ್ಸ್ ಅನ್ನುವ ರಾಸಾಯನಿಕದ ಆವಿ ಮೂಸುವವರಿಗೂ ಅದೇ ಅಪಾಯ. ನಾವು ಯಾರು ಅಂತಲೇ ಗೊತ್ತಿಲ್ಲದ ಡಾಕ್ಟರಿಗೆ ಇದನ್ನು ನಮಗೆ ಹೇಳಬೇಕು ಅಂತ ಹೊಳೆಯುವುದಾದರೂ ಹೇಗೆ, ಅಲ್ವಾ?

ಐದು ವರ್ಷದ ಹಿಂದೆ ನನ್ನ ಸಂಗಾತಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ ಗ್ರಂಥಿಯನ್ನೇ ತೆಗೆದರು. ‘ಹೆಂಡತಿ ಜೊತೆ ಸ್ವಲ್ಪ ದಿನ ಬೇಡ’ ಅಂದರು ಡಾಕ್ಟರ್. ನಾನು ಪಕ್ಕದಲ್ಲೇ ಕೂತಿದ್ದೆ. ಗಂಡಸಿನ ಜೊತೆ ಮಲಗುವ ಗಂಡಸಿಗೆ ಪ್ರಾಸ್ಟೇಟ್ ಸುಖದ ಜಾಗವೂ ಹೌದು. ಅದು ಹೋದರೆ ಏನೇನು ಬದಲಾಗುತ್ತದೆ ಅಂತ ಕೇಳಬೇಕಿತ್ತು. ಇಬ್ಬರಿಗೂ ನಾಲಿಗೆ ಏಳಲಿಲ್ಲ.

ಆಮೇಲೆ ಎಂಟು ತಿಂಗಳು ಇವರು ಮಂಚದ ಅಂಚಿನಲ್ಲಿ ಮಲಗಿದರು. ಮೂತ್ರ ಸೋರುತ್ತದೆ ಅನ್ನುವ ನಾಚಿಕೆ. ಒಂದು ದಿನ ಬಗ್ಗಲಾರದೆ ಕಾಲುಗುರು ಕತ್ತರಿಸಿಕೊಳ್ಳಲು ಒದ್ದಾಡುತ್ತಿದ್ದರು. ನಾನು ಕೆಳಗೆ ಕೂತು, ಪಾದವನ್ನು ತೊಡೆ ಮೇಲಿಟ್ಟುಕೊಂಡು ಕತ್ತರಿಸಿದೆ. ಮುಗಿದ ಮೇಲೂ ಇವರು ಪಾದ ತೆಗೆಯಲಿಲ್ಲ. ನಾವು ಮತ್ತೆ ಶುರು ಮಾಡಿದ್ದು ಅಲ್ಲಿಂದ. ಈಗ ಹಗಲಲ್ಲಿ, ಬೆಳಕಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತಾ. ಏನೇನು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುತ್ತೇವೆ, ಏನು ಹಿತ ಅಂತಲೂ ಹೇಳುತ್ತೇವೆ. ಕೆಲವು ಸಲ ಸುಮ್ನೆ ಬೆನ್ನು ಸವರುತ್ತಾ ನಿದ್ದೆ ಹೋಗುತ್ತೇವೆ. ನನಗೆ ಅದೂ ‘ಅದೆಲ್ಲ’ದಲ್ಲಿ ಸೇರಿದ್ದೇ.

ಎಲ್ಲರಿಗೂ ಹೀಗೆ ಜೊತೆ ಸಿಕ್ಕಿಲ್ಲ. ಡೇಟಿಂಗ್ ಆ್ಯಪ್‌ನಲ್ಲಿ ವಯಸ್ಸು ಹೇಳಿದ ಕೂಡಲೇ ಎಷ್ಟೋ ಸಲ ಉತ್ತರ ನಿಂತುಹೋಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ, 60 ದಾಟಿ, ಮೊದಲ ಸಲ ಒಬ್ಬ ಗಂಡಸಿನ ಕೈ ಹಿಡಿದವರನ್ನು ಬಲ್ಲೆ. ವೃದ್ಧಾಶ್ರಮ ಸೇರಿದಾಗ ಸತ್ತ ಸಂಗಾತಿಯ ಫೋಟೋ ತೋರಿಸಿ ‘ನನ್ನ ತಮ್ಮ’ ಅಂದವರನ್ನೂ ಬಲ್ಲೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆಸ್ಪತ್ರೆ ಫಾರಂನಲ್ಲಿ ‘ಸಂಬಂಧ’ ಅನ್ನುವ ಕಡೆ ಇವರು ಇಷ್ಟು ವರ್ಷ ‘ಸ್ನೇಹಿತ’ ಅಂತ ಬರೆಯುತ್ತಿದ್ದರು. ಕಳೆದ ತಿಂಗಳು ‘ಸಂಗಾತಿ’ ಅಂತ ಬರೆದರು. ನರ್ಸ್ ಓದಿದರು, ತಲೆಯೆತ್ತಿ ನನ್ನನ್ನು ನೋಡಿದರು, ಆಮೇಲೆ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡರು.