ಶನಿವಾರಕ್ಕೆ ಮುಂಚಿನ ಪೆನ್ಸಿಲ್ ಲೆಕ್ಕ

ಇವತ್ತು ಬುಧವಾರ, 2025ರ ನವೆಂಬರ್ 26. ಈ ವಾರ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಪ್ರತಿ ವರ್ಷವೂ ಹೀಗೇ. ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಆಮೇಲೆ ಶುಕ್ರವಾರ ಮತ್ತು ಶನಿವಾರ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಹಳೇ ಜಿದ್ದಿನ ಪಂದ್ಯಗಳಲ್ಲಿ ಬಹಳಷ್ಟು ಆ ಎರಡು ದಿನಕ್ಕೇ ಬಂದು ಕೂತಿರುತ್ತವೆ. ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿ ಶನಿವಾರದ ಪಂದ್ಯಕ್ಕೆ ‘ದ ಗೇಮ್’ ಅಂದರೆ ಸಾಕು. ಓಹಾಯೋ ಸ್ಟೇಟ್ ಮತ್ತು ಮಿಷಿಗನ್ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ನನ್ನ ಹತ್ತಿರ ಒಂದು ಗೆರೆ ಹಾಕಿದ ನೋಟ್‌ಬುಕ್ ಇದೆ. ಪಂದ್ಯಗಳಿಗೆ ಮುಂಚೆ ಅದರಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ. ಎಡಗಡೆ ತಂಡಗಳ ಹೆಸರು, ಬಲಗಡೆ ಒಂದು ಸಂಖ್ಯೆ. ‘ಇವರು ಗೆಲ್ಲುತ್ತಾರೆ’ ಅಂತ ಬರೆಯುವುದಿಲ್ಲ. ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಬರೆಯುತ್ತೇನೆ. ದುಡ್ಡು ಕಟ್ಟುವ ಚಟ ನನಗಿಲ್ಲ, ಬೇಕಾಗಿಯೂ ಇಲ್ಲ. ಆ ಒಂದು ಸಂಖ್ಯೆಯನ್ನು ಪ್ರಾಮಾಣಿಕವಾಗಿ ಬರೆಯುವುದೇ ನನಗೆ ಸಾಕಷ್ಟು ಕಷ್ಟದ ಕೆಲಸ.

ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಹೋದ ವರ್ಷ. 2024ರ ನವೆಂಬರ್ 30. ಪಂದ್ಯ ನಮ್ಮೂರಲ್ಲೇ. ಓಹಾಯೋ ಸ್ಟೇಟ್ ಅಲ್ಲಿಯವರೆಗೆ ಹತ್ತು ಗೆದ್ದು ಒಂದು ಸೋತಿತ್ತು. ಮಿಷಿಗನ್ ಆರು ಗೆದ್ದು ಐದು ಸೋತಿತ್ತು. ಪಂದ್ಯಕ್ಕೆ ಮುಂಚೆ ಬಾಜಿ ಕಟ್ಟಿಸುವವರೂ ಓಹಾಯೋ ಸ್ಟೇಟ್ ಸುಮಾರು 20 ಅಂಕಗಳ ಅಂತರದಿಂದ ಗೆಲ್ಲುತ್ತದೆ ಎನ್ನುತ್ತಿದ್ದರು. ಅಂದರೆ ಹೆಚ್ಚು ಕಡಿಮೆ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು; ಆಮೇಲಿನ ಒದೆತವೂ ಸೇರಿ ಸಾಮಾನ್ಯವಾಗಿ ಏಳು ಅಂಕ). ನಾನು ನೋಟ್‌ಬುಕ್‌ನಲ್ಲಿ 92 ಬರೆದೆ. ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಆಟ ಮುಗಿಯಲು 45 ಸೆಕೆಂಡ್ ಇತ್ತು. ಎರಡೂ ಕಡೆ ಹತ್ತು ಹತ್ತು. ಮಿಷಿಗನ್‌ನವರು 21 ಗಜದಿಂದ ಚೆಂಡು ಒದ್ದರು. ಅದು ಎರಡು ಕಂಬಗಳ ನಡುವೆ ಹೋಯಿತು. ಅದೇ ಫೀಲ್ಡ್ ಗೋಲ್, ಮೂರು ಅಂಕ. 13-10. ನಮ್ಮವರು ಎರಡು ಫೀಲ್ಡ್ ಗೋಲ್ ತಪ್ಪಿಸಿದ್ದರು, ಎರಡು ಪಾಸ್ ಎದುರಾಳಿಗಳ ಕೈಗೆ ಕೊಟ್ಟಿದ್ದರು. ಟಿವಿ ಆರಿಸಿ ಸುಮ್ನೆ ಕೂತಿದ್ದೆ. ಮಗಳು ನೋಟ್‌ಬುಕ್ ತೆಗೆದು ನೋಡಿದಳು.

“ಅಪ್ಪಾ, 92 ಅಂತ ಬರೆದಿದ್ದೀಯಲ್ಲ, ಇದು ಲೆಕ್ಕಾನಾ, ಆಸೇನಾ?”

ಅವಳು ಕೇಳಿದ್ದು ಚುಚ್ಚಲಿಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು. ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಇಡೀ ವರ್ಷದ ಹಾಳೆಗಳನ್ನು ತಿರುವಿ ಹಾಕಿದೆ. ಬೇರೆ ತಂಡಗಳಿಗೆ ಬರೆದ ಸಂಖ್ಯೆಗಳು ಪರವಾಗಿಲ್ಲ ಅನ್ನುವ ಹಾಗಿದ್ದವು. 70 ಅಂತ ಬರೆದ ಪಂದ್ಯಗಳಲ್ಲಿ ಹತ್ತಕ್ಕೆ ಏಳರ ಆಸುಪಾಸು ಗೆಲುವು ಬಂದಿತ್ತು. ಅದೇ ಬೇಕಾದದ್ದು. 70 ಅಂತ ಬರೆದವು ಹತ್ತಕ್ಕೆ ಹತ್ತೂ ಗೆದ್ದರೆ ಅದೂ ತಪ್ಪೇ, ಯಾಕಂದರೆ ಅಲ್ಲಿ ಇನ್ನೂ ದೊಡ್ಡ ಸಂಖ್ಯೆ ಬರೆಯಬೇಕಿತ್ತು. ಆದರೆ ಓಹಾಯೋ ಸ್ಟೇಟ್ ಎದುರಿನ ಸಂಖ್ಯೆಗಳೆಲ್ಲ ಸ್ವಲ್ಪ ಸ್ವಲ್ಪ ಉಬ್ಬಿದ್ದವು. ಎಲ್ಲೂ ಜಾಸ್ತಿ ಅಲ್ಲ. ಇಲ್ಲಿ ಐದು, ಅಲ್ಲಿ ಏಳು.

ಅಂಕ ಕೊಡುವ ರೀತಿ ಸರಳ. 92 ಅಂದರೆ 0.92. ಗೆದ್ದರೆ 1, ಸೋತರೆ 0. ವ್ಯತ್ಯಾಸವನ್ನು ಅದರಿಂದಲೇ ಗುಣಿಸಬೇಕು. ಗೆದ್ದಿದ್ದರೆ ನನ್ನ ತಪ್ಪು 0.0064, ಲೆಕ್ಕಕ್ಕೇ ಇಲ್ಲ. ಸೋತಿದ್ದಕ್ಕೆ 0.8464. 75 ಅಂತ ಬರೆದು ಸೋತಿದ್ದರೆ 0.5625ಕ್ಕೆ ಮುಗಿಯುತ್ತಿತ್ತು. ತುಂಬಾ ಧೈರ್ಯವಾಗಿ ಹೇಳಿ ತಪ್ಪಿದರೆ ಈ ಲೆಕ್ಕ ಬಿಡುವುದಿಲ್ಲ. ಅದಕ್ಕೇ ನನಗೆ ಇದು ಇಷ್ಟ. (ಅದೇ ಓಹಾಯೋ ಸ್ಟೇಟ್ ಮುಂದೆ ಪ್ರಶಸ್ತಿಯ ಕೊನೆಯ ಸುತ್ತುಗಳಾದ ಪ್ಲೇಆಫ್‌ನಲ್ಲಿ ಟೆನೆಸೀ, ಆರೆಗನ್, ಟೆಕ್ಸಸ್, ನೋಟರ್ ಡೇಮ್ ನಾಲ್ಕನ್ನೂ ಸೋಲಿಸಿ ಚಾಂಪಿಯನ್ ಆಯಿತು. ತಂಡದ ಬಗ್ಗೆ ನಾನು ಅಂದುಕೊಂಡಿದ್ದು ತಪ್ಪಿರಲಿಲ್ಲ. ಒಂದು ದಿನದ ಆಟದ ಬಗ್ಗೆ ಅಂದುಕೊಂಡಿದ್ದು ತಪ್ಪಿತ್ತು.)

ಆಮೇಲಿಂದ ಲೆಕ್ಕದ ದಾರಿ ಬದಲಾಯಿಸಿಕೊಂಡೆ. ಮೊದಲು ಗೆಲುವು ಸೋಲಿನ ಪಟ್ಟಿ ನೋಡುತ್ತಿದ್ದೆ, ಈಗ ಪಂದ್ಯದೊಳಗಿನ ಒಂದೊಂದು ಪ್ರಯತ್ನದ ಸರಾಸರಿ ನೋಡುತ್ತೇನೆ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ದಾಟಲು ನಾಲ್ಕು ಅವಕಾಶ ಇರುತ್ತವಲ್ಲ, ಮೊದಲನೆಯದರಲ್ಲಿ ಬೇಕಾದ ದೂರದ ಅರ್ಧ ದಾಟಿದರೆ ಅದು ಸಫಲ. ಎರಡನೆಯದರಲ್ಲಿ ಉಳಿದದ್ದರ ನೂರಕ್ಕೆ 70 ಆಗಬೇಕು. ಮೂರು ಮತ್ತು ನಾಲ್ಕರಲ್ಲಿ ಪೂರ್ತಿ. ಹೀಗೆ ಎಣಿಸಿದರೆ ತಂಡದ ನಿಜವಾದ ಮೈಕಟ್ಟು ಕಾಣುತ್ತದೆ. ಕೊನೆಯ ಸ್ಕೋರ್‌ನಲ್ಲಿ ಅದೃಷ್ಟ ಬಹಳ ಸೇರಿರುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಚೆಂಡನ್ನೇ ತೆಗೆದುಕೊಳ್ಳಿ. ಅದು ಗುಂಡಗಿಲ್ಲ, ಎರಡು ತುದಿ ಚೂಪು. ಯಾವ ಕಡೆ ಪುಟಿಯುತ್ತದೆ ಅಂತ ಯಾರೂ ಹೇಳಲಾರರು. ಅದನ್ನು ಯಾರು ಹಿಡಿಯುತ್ತಾರೆ ಅನ್ನುವುದು ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಹೋದ ವಾರ ಅಂಥ ಮೂರು ಚೆಂಡು ಸಿಕ್ಕಿ ಗೆದ್ದ ತಂಡಕ್ಕೆ ಈ ವಾರವೂ ಸಿಗುತ್ತದೆ ಅಂತ ಲೆಕ್ಕ ಹಾಕಿದರೆ ಕೆಟ್ಟೆವು.

ಸ್ವಂತ ಮೈದಾನಕ್ಕೆ ಎರಡೂವರೆ ಮೂರು ಅಂಕ ಸೇರಿಸುತ್ತೇನೆ. ಹವಾಮಾನದಲ್ಲಿ ಮಳೆಗಿಂತ ಗಾಳಿಯನ್ನು ನೋಡುತ್ತೇನೆ, ಉದ್ದದ ಪಾಸ್ ಮತ್ತು ಕಿಕ್ ಎರಡನ್ನೂ ಕೆಡಿಸುವುದು ಅದೇ.

ಈ ವಾರದ್ದಕ್ಕೆ ಬರುತ್ತೇನೆ.

ಇಂಡಿಯಾನಾ ಮತ್ತು ಪರ್ಡ್ಯೂ, ಶುಕ್ರವಾರ. ಹನ್ನೊಂದಕ್ಕೆ ಹನ್ನೊಂದೂ ಗೆದ್ದವರು, ಹನ್ನೊಂದರಲ್ಲಿ ಎರಡೇ ಗೆದ್ದವರು. ಇಂಡಿಯಾನಾ 97. ಇದರ ಬಗ್ಗೆ ಇಷ್ಟು ಸಾಕು.

ಅದೇ ದಿನ ಆಸ್ಟಿನ್‌ನಲ್ಲಿ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ. ಎ ಅಂಡ್ ಎಂ ಕೂಡ ಹನ್ನೊಂದಕ್ಕೆ ಹನ್ನೊಂದು ಗೆದ್ದಿದೆ. ಪಟ್ಟಿ ನೋಡಿದರೆ ಅವರದೇ ಪಂದ್ಯ. ಆದರೆ ನವೆಂಬರ್ 15ರಂದು ಸೌತ್ ಕ್ಯಾರೊಲಿನಾ ಎದುರು ಅರ್ಧ ಆಟ ಮುಗಿದಾಗ ಅವರು 30-3ರಿಂದ ಹಿಂದೆ ಬಿದ್ದಿದ್ದರು. ಕೊನೆಗೆ 31-30ರಿಂದ ಗೆದ್ದರು. ನೋಡಲು ಮೈ ಜುಮ್ಮೆನ್ನುವ ಗೆಲುವು, ಸರಿ. ಆದರೆ ಲೆಕ್ಕಕ್ಕೆ ಆ ಮೊದಲ ಅರ್ಧವೂ ಬೇಕು. ಟೆಕ್ಸಸ್ ಮೂರು ಸೋತಿದೆ: ಓಹಾಯೋ ಸ್ಟೇಟ್, ಫ್ಲೋರಿಡಾ, ಜಾರ್ಜಿಯಾ. ಮೂರೂ ಪರಸ್ಥಳದಲ್ಲಿ. ಮನೆಯಂಗಳದಲ್ಲಿ ಈ ವರ್ಷ ಸೋತೇ ಇಲ್ಲ. ಟೆಕ್ಸಸ್ 54. ಹೆಚ್ಚು ಕಡಿಮೆ ಗೊತ್ತಿಲ್ಲ ಅಂದಂತೆಯೇ. ಗೊತ್ತಿಲ್ಲದಿದ್ದಾಗ 54 ಅಂತ ಬರೆಯುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಶನಿವಾರ ಆಬರ್ನ್ ಊರಲ್ಲಿ ಅಲಬಾಮಾ ಮತ್ತು ಆಬರ್ನ್. ಅಲಬಾಮಾ ಒಂಬತ್ತು ಗೆದ್ದಿದೆ, ಆಬರ್ನ್ ಐದು. ಬೇರೆ ಊರಲ್ಲಾದರೆ 80 ಬರೆಯುತ್ತಿದ್ದೆ. ಆದರೆ ಆ ಮೈದಾನದಲ್ಲಿ 2013ರಲ್ಲಿ ಅಲಬಾಮಾದ ಕೊನೆಯ ಸೆಕೆಂಡ್‌ನ ಫೀಲ್ಡ್ ಗೋಲ್ ಗುರಿ ಮುಟ್ಟದೆ ಬಿದ್ದಾಗ, ಆಬರ್ನ್‌ನ ಕ್ರಿಸ್ ಡೇವಿಸ್ ಆ ಚೆಂಡು ಹಿಡಿದು ಇಡೀ ಮೈದಾನ ಓಡಿ 34-28 ಮಾಡಿದ್ದ. 2017ರಲ್ಲಿ, 2019ರಲ್ಲಿ ಅಲಬಾಮಾ ಅಲ್ಲಿ ಸೋತಿತು. 2021ರಲ್ಲಿ ಗೆಲ್ಲಲು ನಾಲ್ಕು ಓವರ್‌ಟೈಮ್ (ಹೆಚ್ಚುವರಿ ಸುತ್ತು) ಬೇಕಾಯಿತು. 2023ರಲ್ಲಿ ನಾಲ್ಕನೇ ಅವಕಾಶದಲ್ಲಿ 31 ಗಜ ಬೇಕಿದ್ದಾಗ ಟಚ್‌ಡೌನ್ ಎಸೆದು ಬಚಾವಾದರು. ಹಳೇ ಕಥೆಗಳನ್ನು ಲೆಕ್ಕಕ್ಕೆ ಸೇರಿಸಬಾರದು ಅಂತ ನನ್ನದೇ ನಿಯಮ. ಇಲ್ಲಿ ಮಾತ್ರ ನಿಯಮ ಸಡಿಲಿಸಿದ್ದೇನೆ. ಅಲಬಾಮಾ 68.

ಟೆನೆಸೀ ತಂಡದ ಊರು ನಾಕ್ಸ್‌ವಿಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ಮತ್ತು ಟೆನೆಸೀ. ಒಂಬತ್ತು ಗೆದ್ದಿರುವ ವ್ಯಾಂಡರ್‌ಬಿಲ್ಟ್ ಇದನ್ನೂ ಗೆದ್ದರೆ ಅವರ ಚರಿತ್ರೆಯಲ್ಲೇ ಮೊದಲ ಬಾರಿ ಹತ್ತು ಗೆಲುವು. ಹೋದ ವರ್ಷ ಅವರು ಒಂದನೇ ಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿದಾಗ, ಜನ ಗೋಲ್‌ಪೋಸ್ಟ್ ಕಿತ್ತು ನ್ಯಾಶ್‌ವಿಲ್ ಬೀದಿಗಳಲ್ಲಿ ಹೊತ್ತುಕೊಂಡು ಹೋಗಿ ಕಂಬರ್‌ಲ್ಯಾಂಡ್ ನದಿಗೆ ಹಾಕಿದ್ದರು. ಆವತ್ತಿಂದ ಆ ತಂಡದ ಮೇಲೆ ನನಗೆ ಪ್ರೀತಿ. ಪ್ರೀತಿ ಇದೆ ಅಂತ ಗೊತ್ತಿರುವುದರಿಂದಲೇ ಮೂರು ಕಳೆದಿದ್ದೇನೆ. ವ್ಯಾಂಡರ್‌ಬಿಲ್ಟ್ 46.

ಕೊನೆಗೆ, ‘ದ ಗೇಮ್’. ಈ ಸಲ ಮಿಷಿಗನ್‌ನವರ ಊರು ಆನ್ ಆರ್ಬರ್‌ನಲ್ಲಿ. 107,601 ಜನ ಹಿಡಿಸುವ ಮೈದಾನ. ಓಹಾಯೋ ಸ್ಟೇಟ್ ಹನ್ನೊಂದೂ ಗೆದ್ದಿದೆ. ನಮ್ಮ ಡಿಫೆನ್ಸ್ ಪಂದ್ಯಕ್ಕೆ ಹತ್ತು ಅಂಕವನ್ನೂ ಬಿಟ್ಟುಕೊಡುತ್ತಿಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಜೂಲಿಯನ್ ಸೇಯಿನ್ ಎಸೆದ ಐದು ಪಾಸ್‌ನಲ್ಲಿ ಹತ್ತಿರ ಹತ್ತಿರ ನಾಲ್ಕು ಕೈ ಸೇರುತ್ತಿವೆ. ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್ ಮೊದಲ ವರ್ಷದ ಹುಡುಗ. ಆದರೆ ನಮ್ಮಲ್ಲಿ ಪಾಸ್ ಹಿಡಿಯುವ ಜೆರೆಮಯಾ ಸ್ಮಿತ್ ಮತ್ತು ಕಾರ್ನೆಲ್ ಟೇಟ್ ಇಬ್ಬರೂ ಹೋದ ಶನಿವಾರ ಆಡಿಲ್ಲ. ಹಿಮ ಬೀಳುವ ಮುನ್ಸೂಚನೆಯೂ ಇದೆ. ಕೈ 80ರ ಕಡೆಗೆ ಹೋಯಿತು. ತಡೆದು 74 ಬರೆದೆ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನನ್ನ ಸಂಖ್ಯೆ ನೋಡುವ ಮುಂಚೆ ಮಗಳು ತನ್ನದನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡುತ್ತಾಳೆ. ಬಿಚ್ಚಿದರೆ 63.

“ಯಾಕೆ ಇಷ್ಟು ಕಮ್ಮಿ?” ಅಂದೆ.

“ನಾಲ್ಕು ವರ್ಷದಿಂದ ಸೋಲ್ತಾನೇ ಇದೀವಿ ಅಲ್ವಾ?”

“ಆಡುವ ಹುಡುಗರು ಬೇರೆ, ಪುಟ್ಟಿ. ಸೇಯಿನ್ ಆ ಪಂದ್ಯಗಳಲ್ಲಿ ಆಡಿಯೇ ಇಲ್ಲ.”

“ಕೋಚ್ ಅವರೇ ತಾನೇ?”

ಹೌದು. 2021ರಿಂದ 2024ರವರೆಗಿನ ನಾಲ್ಕೂ ಸೋಲಿನಲ್ಲಿ ರಯಾನ್ ಡೇ ಅವರೇ ಕೋಚ್. ಅದಕ್ಕೆ ಎಷ್ಟು ಕಳೆಯಬೇಕು ಅಂತ ನನ್ನ ಲೆಕ್ಕದಲ್ಲಿ ಎಲ್ಲೂ ಜಾಗವಿಲ್ಲ. ಅರ್ಧ ಗಂಟೆ ಯೋಚಿಸಿದೆ. ರಬ್ಬರ್ ತೆಗೆದು 74 ಅಳಿಸಿ 72 ಮಾಡಿದೆ. ಅವಳು ತನ್ನ 63 ಬಿಡಲಿಲ್ಲ. ಚೀಟಿಯನ್ನು ನೋಟ್‌ಬುಕ್‌ನ ಅದೇ ಹಾಳೆಗೆ ಅಂಟಿಸಿದ್ದೇವೆ. ಶುಕ್ರವಾರ ರಾತ್ರಿ ಇಬ್ಬರೂ ಕೂತು ಆನ್ ಆರ್ಬರ್‌ನ ಗಾಳಿ ಎಷ್ಟಿದೆ ಅಂತ ಇನ್ನೊಂದು ಸಲ ನೋಡುತ್ತೇವೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಆಟ.