ನಾಲ್ಕಕ್ಷರದ ಜಾತಕ

ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಪೂರ್ತಿ ಎಂಬಿಟಿಐ (MBTI) ಅನ್ನೋ ಪರ್ಸನಾಲಿಟಿ ಟೆಸ್ಟ್ ಗಲಾಟೆ. ಯಾರ ಸ್ವಭಾವಕ್ಕೆ ಯಾವ ನಾಲ್ಕು ಇಂಗ್ಲಿಷ್ ಅಕ್ಷರ ಬಂತು ಅಂತ. ಕೊನೆಗೆ ಒಬ್ಬರು ತೀರ್ಪು ಕೊಟ್ಟೇಬಿಟ್ಟರು, ಗಂಡಸರು ತಲೆಯಿಂದ ಯೋಚಿಸುತ್ತಾರಂತೆ, ಹೆಂಗಸರು ಮನಸ್ಸಿನಿಂದ. ಪುಣ್ಯಾತ್ಮ ಒಮ್ಮೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಹೂ ಮಾರುವ ಅಮ್ಮನ ಹತ್ತಿರ ಚೌಕಾಸಿ ಮಾಡಲಿ. ಯಾರು ತಲೆಯಿಂದ ಯೋಚಿಸ್ತಾರೆ ಅಂತ ಗೊತ್ತಾಗುತ್ತೆ.

ಮಜಾ ಏನಂದ್ರೆ, ಆ ಟೆಸ್ಟ್ ಕಟ್ಟಿದ್ದೇ ಇಬ್ಬರು ಹೆಂಗಸರು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ವಿಚಾರಗಳೇ ಅದಕ್ಕೆ ಬುನಾದಿ. ಇನ್ನೂ ಒಂದು ವಿಷಯ ಇದೆ. ಯೋಚನೆಯೋ ಭಾವನೆಯೋ ಅನ್ನುವ ಭಾಗಕ್ಕೆ ಹಿಂದೆ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಅಂಕದ ಲೆಕ್ಕ ಇತ್ತು. ಅಳತೆಗೋಲೇ ಬೇರೆ ಬೇರೆ!

ಜಾನೆಟ್ ಹೈಡ್ ಎಂಬ ಮನೋವಿಜ್ಞಾನಿ 2005ರಲ್ಲಿ ಗಂಡು ಹೆಣ್ಣಿನ ವ್ಯತ್ಯಾಸಗಳ ಬಗ್ಗೆ ನಡೆದಿದ್ದ 46 ದೊಡ್ಡ ವಿಶ್ಲೇಷಣೆಗಳನ್ನು ಒಟ್ಟಿಗೆ ನೋಡಿದರು. ಶೇಕಡಾ 78ರಷ್ಟು ಕಡೆ ವ್ಯತ್ಯಾಸ ತೀರಾ ಸಣ್ಣದು, ಇಲ್ಲಾ ಇಲ್ಲವೇ ಇಲ್ಲ ಅನ್ನುವಷ್ಟು. ಜಾಸ್ತಿ ಕಂಡಿದ್ದು ಎಲ್ಲಿ ಗೊತ್ತಾ? ಚೆಂಡು ಎಷ್ಟು ದೂರ ಎಸೀತಾರೆ ಅನ್ನೋದರಲ್ಲಿ.

"ಆದ್ರೂ ನನಗೆ ಕರೆಕ್ಟಾಗಿ ಹೊಂದುತ್ತೆ ಕಣೋ" ಅನ್ನುವವರಿಗೆ ಫೋರರ್ ಎಂಬ ಮನೋವಿಜ್ಞಾನಿಯ ಕಥೆ ಹೇಳಬೇಕು. 1948ರಲ್ಲಿ ಈ ಮೇಷ್ಟ್ರು ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಎಲ್ಲರಿಗೂ ಒಂದೇ ಸ್ವಭಾವದ ವರ್ಣನೆ ಹಂಚಿದರು. ನಿಮಗೆ ಎಷ್ಟು ಸರಿ ಹೊಂದುತ್ತೆ ಅಂತ ಕೇಳಿದರೆ, ವಿದ್ಯಾರ್ಥಿಗಳು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಆ ವರ್ಣನೆಯ ಬಹುಪಾಲು ಸಾಲುಗಳು ಅಂಗಡಿಯಲ್ಲಿ ಮಾರುತ್ತಿದ್ದ ಜ್ಯೋತಿಷ್ಯದ ಪುಸ್ತಕದವು.