ಸಿಗ್ನಲ್ ಸಿಗದ ರೈಲು, ಐದು ದಿನದ ಹೆಣ

ಬೆಟ್ಟದ ಮೇಲಿನ ಮೂರು ದಿನಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮಂಜು ಕವಿದಿತ್ತು. ನೋಡಲೆಂದು ಹೋದ ಜಲಪಾತದ ಸದ್ದು ಕೇಳಿಸಿತು, ನೀರು ಕಾಣಲಿಲ್ಲ. ನಾಲ್ಕನೇ ದಿನ ವಾಪಸು ರೈಲು ಹತ್ತಿದ್ದಾಯಿತು. ಬರೆಯುವಂಥದ್ದು ನಡೆದದ್ದು ಆ ರೈಲಿನಲ್ಲಿ, ಅದೂ ರೈಲು ನಿಂತಿದ್ದಾಗ.

ರಾತ್ರಿ ಒಂಬತ್ತೂವರೆಗೆ ಗಾಡಿ ಬಯಲಿನ ನಡುವೆ ನಿಂತಿತು. ಗಾಡಿಗೆ ಸಿಗ್ನಲ್ ಇಲ್ಲ, ಮೊಬೈಲಿಗೂ ಇಲ್ಲ. ನಮ್ಮ ಭಾಗದಲ್ಲಿ ಆರು ಜನ: ಒಬ್ಬ ಅಜ್ಜಿ, ಅವರ ಕಾಲೇಜು ಓದುವ ಮೊಮ್ಮಗ, ಗಂಡ ಹೆಂಡತಿ, ಕನ್ನಡಕದ ಹಿರಿಯರೊಬ್ಬರು, ನಾನು. ಹೌದು-ಇಲ್ಲ ಆಟಕ್ಕೆ ಇದಕ್ಕಿಂತ ಹದವಾದ ಗುಂಪು ಸಿಗುವುದಿಲ್ಲ. ಒಗಟು ಹಾಕುವವರು ಒಬ್ಬರು, ಕೇಳುವವರು ನಾಲ್ಕೈದು. ಕೇಳುವವರು ಎಂಟು ದಾಟಿದರೆ ಹಿಂದಿನ ಉತ್ತರ ಯಾರಿಗೂ ನೆನಪಿರುವುದಿಲ್ಲ, ಅದೇ ಪ್ರಶ್ನೆ ಮೂರು ಸಲ ಬರುತ್ತದೆ.

ಆಟ ಎಲ್ಲರಿಗೂ ಗೊತ್ತಿರುವಂಥದ್ದೇ. ವಿಚಿತ್ರವಾದ ಒಂದು ಸಾವನ್ನು ನಾಲ್ಕು ಸಾಲಿನಲ್ಲಿ ಹೇಳಬೇಕು. ಉಳಿದವರು ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನೇ ಕೇಳುತ್ತ ಇಡೀ ಕಥೆ ಹೊರಗೆಳೆಯಬೇಕು. ಜಪಾನಿನಲ್ಲೂ ಚೀನಾದಲ್ಲೂ ಇಂಥ ಆಟಕ್ಕೆ ಒಂದು ಪ್ರಸಿದ್ಧ ಒಗಟಿನ ದೆಸೆಯಿಂದ ಆಮೆ ಸೂಪು ಎಂದೇ ಹೆಸರು ಬಿದ್ದಿದೆ. ಮೊದಲು ಹೇಳುವ ನಾಲ್ಕು ಸಾಲಿಗೆ ಚೀನಿಯರು ಸೂಪಿನ ಮೇಲ್ಭಾಗ ಎನ್ನುತ್ತಾರೆ, ಅಡಗಿರುವ ಕಥೆಗೆ ಸೂಪಿನ ತಳ. ಚಿಂತಕ ಎಡ್ವರ್ಡ್ ಡಿ ಬೋನೊ 1967ರಲ್ಲಿ ಚಾಲ್ತಿಗೆ ತಂದ ‘ಲ್ಯಾಟರಲ್ ಥಿಂಕಿಂಗ್’ (ನೇರ ದಾರಿ ಬಿಟ್ಟು ಪಕ್ಕದಿಂದ ಯೋಚಿಸುವುದು) ಎಂಬ ಮಾತಿಗಿಂತ ಈ ಮೇಲ್ಭಾಗ-ತಳದ ಮಾತೇ ಆಟವನ್ನು ಚೆನ್ನಾಗಿ ಹಿಡಿದಿದೆ.

ಅಂದು ಹಾಕಿದ ಒಗಟು ಇದು.

“ಬಾಗಿಲು ಮುಚ್ಚಿದ ಮನೆಯಲ್ಲಿ ಒಬ್ಬರು ಸತ್ತು ಬಿದ್ದಿದ್ದಾರೆ. ಸತ್ತು ಐದು ದಿನವಾಗಿದೆ. ಪಕ್ಕದಲ್ಲಿ ವಿಷದ ಬಾಟಲಿ, ಒಂದು ಚೀಟಿ. ಇನ್‌ಸ್ಪೆಕ್ಟರ್ ಸತ್ತವರ ಕೈಯಲ್ಲಿದ್ದ ವಾಚು ನೋಡಿದರು. ಟೈಮು ಸರಿಯಾಗಿತ್ತು. ‘ಇದು ಆತ್ಮಹತ್ಯೆ ಅಲ್ಲ, ಕೊಲೆ’ ಎಂದರು. ಹೇಗೆ ಗೊತ್ತಾಯಿತು?”

‘ಒಬ್ಬರು’, ‘ಸತ್ತವರು’ ಎಂದದ್ದು ಬೇಕೆಂದೇ. ಒಗಟು ಹಾಕುವವರಿಗೆ ಕನ್ನಡದಲ್ಲಿ ಒಂದು ಕಷ್ಟವಿದೆ: ಸತ್ತ, ಸತ್ತಳು ಎಂದ ಕೂಡಲೇ ಗಂಡೋ ಹೆಣ್ಣೋ ಬಯಲಾಗುತ್ತದೆ. ಆದರೆ ಮರ್ಯಾದೆಯ ಬಹುವಚನ ಅದನ್ನು ಪೂರ್ತಿ ಮುಚ್ಚುತ್ತದೆ. ‘ಕೊಂದವರು’ ಎಂದರೆ ಒಬ್ಬ ಗಂಡಸಾಗಬಹುದು, ಒಬ್ಬ ಹೆಂಗಸಾಗಬಹುದು, ಹತ್ತು ಜನರ ಗುಂಪೂ ಆಗಬಹುದು.

ಮೊದಲ ಹತ್ತು ನಿಮಿಷ ಹಾಳಾದದ್ದು ಬಾಟಲಿಯ ಮೇಲೆ. ಹುಡುಗ ಒಂದೊಂದೇ ಕೇಳುತ್ತ ಹೋದ: ಸತ್ತವರು ಡಾಕ್ಟರಾ? ಕೆಮಿಸ್ಟಾ? ವಿಜ್ಞಾನಿಯಾ? ಹೊಸಬರೆಲ್ಲ ಇಲ್ಲೇ ಎಡವುವುದು. ‘ಸತ್ತವರ ಕೆಲಸ ಮುಖ್ಯವಾ?’ ಎಂದು ಒಂದು ಸಲ ಕೇಳಿದರೆ ನೂರು ಕಸುಬು ಒಟ್ಟಿಗೆ ಹೋಗುತ್ತವೆ. ಅದೃಷ್ಟವನ್ನು ನಂಬದಿದ್ದರೆ ಹೌದು-ಇಲ್ಲ ಎಂಬ ಉತ್ತರ ಹೆಚ್ಚೆಂದರೆ ಇರುವ ಸಾಧ್ಯತೆಗಳನ್ನು ಅರ್ಧಕ್ಕೆ ಕಡಿಯಬಲ್ಲದು. ಪ್ರತಿ ಸಲವೂ ಸರಿಯಾಗಿ ಅರ್ಧಕ್ಕೆ ಕಡಿದರೆ ಇಪ್ಪತ್ತು ಪ್ರಶ್ನೆಯಲ್ಲಿ 10,48,576 ಸಾಧ್ಯತೆಗಳಿಂದ ಒಂದಕ್ಕೆ ಇಳಿಯಬಹುದು. ಡಾಕ್ಟರಾ, ಕೆಮಿಸ್ಟಾ ಎಂದು ಕೇಳುತ್ತ ಹೋದರೆ ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಕಸುಬು ಮುಗಿಯುತ್ತವೆ, ಅಷ್ಟೇ.

ಆಗ ಕನ್ನಡಕದ ಹಿರಿಯರು ಟಿಕೆಟ್ಟಿನ ಹಿಂಬದಿಯಲ್ಲಿ ಗೆರೆ ಎಳೆದರು. ಮೂರು ಕಾಲಂ: ಹೌದು, ಇಲ್ಲ, ಮುಖ್ಯವಲ್ಲ. ಒಗಟಿನ ಒಂದೊಂದು ಪದಕ್ಕೂ ಪರೀಕ್ಷೆ ಶುರುವಾಯಿತು. ಬಾಟಲಿ ಮುಖ್ಯವಾ? ಇಲ್ಲ. ಚೀಟಿಯಲ್ಲಿ ಬರೆದದ್ದು? ಮುಖ್ಯವಲ್ಲ. ಐದು ದಿನ? ಹೌದು. ವಾಚು? ಹೌದು. ಐದರ ಬದಲು ಎರಡೇ ದಿನ ಆಗಿದ್ದರೂ ಇನ್‌ಸ್ಪೆಕ್ಟರಿಗೆ ಗೊತ್ತಾಗುತ್ತಿತ್ತಾ? ಇಲ್ಲ. ಐದು ಪ್ರಶ್ನೆಗೆ ಅರ್ಧ ಕಾಡು ಕಡಿದಂತಾಯಿತು. ಈ ಕೊನೆಯ ಬಗೆಯ ಪ್ರಶ್ನೆ, ಅಂದರೆ ಒಂದು ಅಂಕಿಯನ್ನೋ ವಸ್ತುವನ್ನೋ ಬದಲಿಸಿ ಕಥೆ ನಿಲ್ಲುತ್ತದೆಯೇ ಎಂದು ನೋಡುವುದು, ಪಳಗಿದವರ ಕೈಯಲ್ಲಿ ಮಾತ್ರ ಕಾಣುವಂಥದ್ದು.

ಹೆಂಡತಿ ಕೇಳಿದರು, “ಗಂಡನೇ ಕೊಂದಿದ್ದಾ?”

“ಅಲ್ಲ.”

“ಅಲ್ಲ ಅಂದ್ರೆ ಗಂಡ ಅಂತ ಒಬ್ಬ ಇದ್ದ ಹಾಗಾಯ್ತು!”

ಈ ಎಡವಟ್ಟು ನನ್ನದು. ಗಂಡ ಇದ್ದಾನೋ ಇಲ್ಲವೋ ಎಂಬುದೇ ಕಥೆಯಲ್ಲಿ ಇರಲಿಲ್ಲ. ಹೌದು, ಇಲ್ಲ, ಮುಖ್ಯವಲ್ಲ ಇವುಗಳ ಜೊತೆಗೆ ನಾಲ್ಕನೆಯ ಉತ್ತರವೊಂದು ಬೇಕೇ ಬೇಕು: ‘ಪ್ರಶ್ನೆಯೊಳಗೇ ಒಂದು ಊಹೆ ಇದೆ.’ ಅದನ್ನು ಹೇಳದೆ ಬರೀ ಅಲ್ಲ ಎಂದದ್ದರಿಂದ ಮುಂದಿನ ಐದು ಪ್ರಶ್ನೆ ಇಲ್ಲದ ಗಂಡನ ಸುತ್ತ ತಿರುಗಿದವು. ಕನ್ನಡದಲ್ಲಿ ಅಲ್ಲ ಬೇರೆ, ಇಲ್ಲ ಬೇರೆ ಎಂಬುದೂ ನೆನಪಿರಬೇಕು. ‘ಗಂಡ ಕೊಂದನಾ?’ ಎಂಬುದಕ್ಕೆ ಇಲ್ಲ ಎಂದರೆ ಕೊಲೆ ನಡೆಯಿತೋ ಇಲ್ಲವೋ ಇನ್ನೂ ತೆರೆದೇ ಇರುತ್ತದೆ. ‘ಕೊಂದದ್ದು ಗಂಡನಾ?’ ಎಂಬುದಕ್ಕೆ ಅಲ್ಲ ಎಂದರೆ ಯಾರೋ ಕೊಂದದ್ದಂತೂ ನಿಜ ಎಂದು ಒಪ್ಪಿಕೊಂಡಂತೆ. ಚುರುಕಾದ ಕೇಳುಗರು ಉತ್ತರದ ಒಳಗಿನ ಈ ಉತ್ತರವನ್ನೂ ಹಿಡಿಯುತ್ತಾರೆ. ‘ಬಾಗಿಲು ತೆರೆದಿರಲಿಲ್ಲವಾ?’ ಎಂಬಂಥ ಪ್ರಶ್ನೆಗಳಿಗಂತೂ ಉತ್ತರವನ್ನೇ ಕೊಡಬಾರದು. ‘ಹೌದು’ ಎಂದರೆ ಒಬ್ಬರಿಗೆ ತೆರೆದಿತ್ತು, ಇನ್ನೊಬ್ಬರಿಗೆ ಮುಚ್ಚಿತ್ತು. ತಿರುಗಿಸಿ ಕೇಳಿ ಎನ್ನಬೇಕು. ‘ಒಳಗಾ ಹೊರಗಾ’ ಎಂದು ಎರಡು ಸೇರಿಸಿ ಕೇಳಿದರೂ ಅಷ್ಟೇ.

ಹತ್ತೂಕಾಲು. ಗಾಡಿ ಅಲ್ಲೇ. ಆ ಹೆಂಡತಿಯ ಗಂಡ ಬೇರೆ ದಿಕ್ಕು ಹಿಡಿದರು: ವಾಚಿನಲ್ಲಿ ಬೇರೆ ದೇಶದ ಟೈಮು ಇರಬೇಕಿತ್ತಾ? ಇಲ್ಲ. ವಾಚು ಕಟ್ಟಿದ ಕೈ ತಪ್ಪಾಗಿತ್ತಾ? ಇಲ್ಲ. ವಾಚು ಸತ್ತವರದೇನಾ? ಹೌದು. ಅದು ಓಡುತ್ತಿದ್ದದ್ದೇ ಆಶ್ಚರ್ಯವಾ? ಹೌದು!

ಇಲ್ಲಿ ಆಟ ಬಿಗಿಯಾಯಿತು. ಮುಂದಿನ ಪ್ರಶ್ನೆ ಹಿರಿಯರದು.

“ಸೆಲ್ ಹಾಕುವ ವಾಚಾ?”

“ಅಲ್ಲ.”

“ಹಾಗಾದ್ರೆ ಕೀ ಕೊಡಬೇಕಿತ್ತಾ?”

“ಹೌದು” ಎಂದುಬಿಟ್ಟೆ.

ಆ ಒಂದು ಹೌದು ಇವತ್ತಿಗೂ ಚುಚ್ಚುತ್ತದೆ. ಕಥೆಯಲ್ಲಿದ್ದದ್ದು ಆಟೋಮ್ಯಾಟಿಕ್ ವಾಚು. ಅದರೊಳಗೆ ಅರ್ಧಚಂದ್ರದ ಆಕಾರದ ಒಂದು ಲೋಹದ ತೂಕವಿರುತ್ತದೆ. ಕೈ ಅಲ್ಲಾಡಿದಂತೆ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈಯಿಂದ ಬಿಚ್ಚಿಟ್ಟರೆ ಸಾಮಾನ್ಯವಾಗಿ ನಲವತ್ತು ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಕೆಲವು ಮೂರು ದಿನದವರೆಗೂ ಎಳೆಯುತ್ತವೆ. ಒಗಟಿನಲ್ಲಿ ಐದು ದಿನ ಎಂದದ್ದು ಅದಕ್ಕೇ. ಮಾಮೂಲು ಆಟೋಮ್ಯಾಟಿಕ್ ಆದರೆ ಅಷ್ಟು ಹೊತ್ತಿಗೆ ನಿಂತಿರಬೇಕು. ಇಂಥ ಹಲವು ವಾಚುಗಳಿಗೆ ತಿರುಪಿನಿಂದ ಕೀ ಕೊಡಲೂ ಬರುತ್ತದೆ ಎಂಬ ಯೋಚನೆಯಲ್ಲಿ ಬಾಯಿಂದ ಹೌದು ಬಿತ್ತು. ಆದರೆ ಹಿರಿಯರು ಕೇಳಿದ್ದು ‘ಕೊಡಬೇಕಿತ್ತಾ’ ಎಂದು, ‘ಕೊಡಬಹುದಿತ್ತಾ’ ಎಂದಲ್ಲ. ಸರಿಯಾದ ಉತ್ತರ ಇಲ್ಲ. ಸಾಲದ್ದಕ್ಕೆ ಆ ಹೆಂಡತಿ ‘ಕೀ’ ಎಂದರೆ ಮನೆಯ ಬೀಗದ ಕೈ ಎಂದುಕೊಂಡು, ಅದನ್ನು ಯಾರು ಯಾರಿಗೆ ಕೊಟ್ಟರು ಎಂದು ಬೇರೆಯೇ ಜಾಡು ಹಿಡಿದಿದ್ದರು.

ಮುಂದಿನ ಅರ್ಧ ಗಂಟೆ ಕೊಲೆಗಾರ ದಿನಾ ರಾತ್ರಿ ಬಂದು ಹೆಣದ ವಾಚಿಗೆ ಕೀ ಕೊಟ್ಟು ಹೋಗುತ್ತಿದ್ದ. ಯಾಕೆ ಎಂದು ಯಾರಿಗೂ ಹೊಳೆಯದು. ಒಂದೇ ಒಂದು ತಪ್ಪು ಉತ್ತರದ ಬೆಲೆ ಎಷ್ಟೆಂಬುದಕ್ಕೆ ಗಣಿತದಲ್ಲಿ ಲೆಕ್ಕವಿದೆ. ಗಣಿತಜ್ಞ ಸ್ಟಾನಿಸ್ಲಾ ಉಲಾಮ್ 1976ರ ತಮ್ಮ ಆತ್ಮಕಥೆಯಲ್ಲಿ ಕೇಳಿದ್ದರು: ಒಂದರಿಂದ ಹತ್ತು ಲಕ್ಷದೊಳಗಿನ ಸಂಖ್ಯೆಯೊಂದನ್ನು ಕಂಡುಹಿಡಿಯಬೇಕು, ಆದರೆ ಉತ್ತರಿಸುವವರು ಒಂದು ಸಲ ಸುಳ್ಳು ಹೇಳಬಹುದು, ಎಷ್ಟು ಪ್ರಶ್ನೆ ಬೇಕು? ಸುಳ್ಳಿಲ್ಲದಿದ್ದರೆ ಇಪ್ಪತ್ತು. ಒಂದು ಸುಳ್ಳಿದ್ದರೆ ಇಪ್ಪತ್ತೈದು. ಅದೂ ಸುಳ್ಳಿರಬಹುದೆಂದು ಮೊದಲೇ ಗೊತ್ತಿದ್ದು ಕೇಳಿದರೆ. ನಮ್ಮವರಿಗೆ ಗೊತ್ತಿರಲಿಲ್ಲ.

ಹಾಗಾಗಿ ತಪ್ಪಿದ್ದು ಅರಿವಾದ ಕ್ಷಣವೇ ಬಾಯಿಬಿಡಬೇಕು. ‘ಇಷ್ಟನೆಯ ಉತ್ತರ ತಪ್ಪು, ಹೊಡೆದುಹಾಕಿ’ ಎಂದರೆ ಆಟ ಕೆಡುವುದಿಲ್ಲ. ಮುಚ್ಚಿಟ್ಟರೆ ಕೆಡುತ್ತದೆ. ಅಂದು ಬಾಯಿಬಿಟ್ಟದ್ದು ತಡವಾಗಿ. ಹಿರಿಯರು ಕಾಲಂನಲ್ಲಿ ಒಂದು ಸಾಲು ಹೊಡೆದು, ಪೆನ್ನು ಜೇಬಿಗೆ ಹಾಕಿಕೊಂಡುಬಿಟ್ಟರು. ಹುಡುಗ ಬಿಡಲಿಲ್ಲ: “ಸರ್, ನೀವು ಈಗಲೇ ಕಟ್ಟಿ ಹೇಳ್ತಿದ್ದೀರಾ?” ಅನುಮಾನ ನ್ಯಾಯವಾದದ್ದೇ. ಭೌತವಿಜ್ಞಾನಿ ಜಾನ್ ವೀಲರ್ ಒಂದು ಸಲ ಹೀಗೇ ಸಿಕ್ಕಿಬಿದ್ದಿದ್ದರಂತೆ. ಇಪ್ಪತ್ತು ಪ್ರಶ್ನೆಯೊಳಗೆ ಗುಟ್ಟಿನ ಪದ ಕಂಡುಹಿಡಿಯುವ ಆಟದಲ್ಲಿ ಗೆಳೆಯರು ಯಾವ ಪದವನ್ನೂ ಆರಿಸಿಕೊಳ್ಳದೆ, ಹಿಂದಿನ ಉತ್ತರಗಳಿಗೆ ಹೊಂದುವಂತೆ ಮಾತ್ರ ಉತ್ತರಿಸುತ್ತ ಹೋದರು. ಕೊನೆಗೆ ವೀಲರ್ ‘ಮೋಡವಾ?’ ಎಂದರೆ ಹೌದು ಎಂದು ಎಲ್ಲರೂ ನಕ್ಕರು. ಅದು ಬೇರೆ ಬಗೆಯ ತಮಾಷೆ. ಕೊಲೆಯ ಒಗಟಿನಲ್ಲಿ ತಳ ಮೊದಲೇ ಗಟ್ಟಿಯಾಗಿರಬೇಕು. ಉತ್ತರವನ್ನು ಆರೇಳು ಸಾಲಿನಲ್ಲಿ ಬರೆದು, ಚೀಟಿ ಮಡಚಿ, ಎಲ್ಲರ ಕಣ್ಣೆದುರು ಇಟ್ಟು ಶುರುಮಾಡಿದರೆ ಇಂಥ ಮಾತು ಬರುವುದಿಲ್ಲ. ಬರೆಯುವಾಗಲೇ ಕಥೆಯ ತೂತುಗಳೂ ಕಾಣುತ್ತವೆ.

ಸತತ ಹತ್ತು ಸಲ ಇಲ್ಲ ಬಂದರೆ ಒಂದು ಸುಳಿವು ಕೊಡಬೇಕೆಂಬುದು ನನ್ನ ರೂಢಿ. ಎಂಟು ಆಗಿತ್ತು. ಅಷ್ಟು ಹೊತ್ತು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ ಅಜ್ಜಿ ಕಣ್ಣು ಬಿಡದೆಯೇ ಕೇಳಿದರು:

“ಆ ವಾಚು ಐದು ದಿನವೂ ಸತ್ತವರ ಕೈಯಲ್ಲೇ ಇತ್ತಾ?”

“ಇಲ್ಲ.”

ಯಾರೂ ಮಾತಾಡಲಿಲ್ಲ. ಅಷ್ಟೊತ್ತೂ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಸಿಕ್ಕಾಗ ಹೆಣದ ಕೈಯಲ್ಲಿತ್ತು ಎಂದಮೇಲೆ ಮೊದಲಿನಿಂದಲೂ ಅಲ್ಲೇ ಇತ್ತು ಎಂದು ನಾಲ್ಕೂ ಜನ ನಂಬಿಕೊಂಡಿದ್ದರು. ಒಗಟಿನಲ್ಲಿ ಎಲ್ಲೂ ಹಾಗೆ ಹೇಳಿಲ್ಲ.

“ಬೇರೆ ಯಾರೋ ಕಟ್ಟಿಕೊಂಡಿದ್ದರಾ?”

“ಹೌದು.”

“ಅವರ ಕೈ ಅಲ್ಲಾಡಿದ್ದಕ್ಕೇ ಅದು ಓಡ್ತಿತ್ತಾ?”

“ಹೌದು.”

“ಅಜ್ಜೀ!” ಎಂದ ಮೊಮ್ಮಗ, ಮೇಲಿನ ಬರ್ತಿನಿಂದ ತಲೆ ಇಳಿಬಿಟ್ಟು.

“ನಿಮ್ಮ ತಾತನ ವಾಚು ಹಂಗೇ ಇತ್ತು. ಎರಡು ದಿನ ಬಿಚ್ಚಿಟ್ರೆ ನಿಂತು ಹೋಗ್ತಿತ್ತು” ಎಂದರು ಅಜ್ಜಿ. ಆಮೇಲೆ ಉಳಿದದ್ದನ್ನು ಪ್ರಶ್ನೆಯ ವೇಷ ಹಾಕಿಯೇ ಮುಗಿಸಿದರು: ಕೊಂದವನು ವಾಚಿನ ಆಸೆಗೆ ಬಿಚ್ಚಿಕೊಂಡು ಹೋದನಾ? ಹೌದು. ಯಾರೋ ಅದನ್ನು ಗುರುತು ಹಿಡಿದರಾ? ಹೌದು. ಹೆದರಿ ಹಿಂದಿನ ರಾತ್ರಿ ತಂದು ಕಟ್ಟಿ ಹೋದನಾ? ಹೌದು. ಐದು ದಿನದ ಹೆಣದ ಕೈಗೆ ವಾಚು ಕಟ್ಟುವ ಧೈರ್ಯ ಯಾರಿಗಿರುತ್ತದೆ ಎಂದು ಆ ಹೆಂಡತಿ ಕಾಲು ಮೇಲೆಳೆದುಕೊಂಡು ಕೂತರು.

ಅಜ್ಜಿಯದು ನಲವತ್ತಮೂರನೆಯ ಪ್ರಶ್ನೆ. ಆ ತಪ್ಪು ಹೌದು ಇಲ್ಲದಿದ್ದರೆ ಇಪ್ಪತ್ತೈದು, ಮೂವತ್ತರೊಳಗೆ ಮುಗಿಯುವ ಒಗಟು.

ಮುಗಿದ ಮೇಲೆ ಹಿರಿಯರು ಪೆನ್ನು ಮತ್ತೆ ಹೊರತೆಗೆದರು. “ವಾಚು ಓಡುತ್ತಿತ್ತು ಅಂದ್ರೆ ಯಾರೋ ಅದನ್ನ ಹಾಕಿಕೊಂಡಿದ್ದರು ಅಂತ ಮಾತ್ರ ಆಯ್ತು. ಕೊಲೆ ಅಂತ ಹೇಗೆ ಹೇಳ್ತೀರಿ? ಸತ್ತದ್ದು ನೋಡಿ ವಾಚು ಕದ್ದ ಕಳ್ಳ, ಪಾಪ ಅನ್ನಿಸಿ ತಂದಿಟ್ಟಿದ್ದರೆ?” ಉತ್ತರವಿರಲಿಲ್ಲ. ಇನ್‌ಸ್ಪೆಕ್ಟರು ಆಡಿದ ಮಾತು ಅವರಿಗೆ ಸಿಕ್ಕ ಸಾಕ್ಷ್ಯವನ್ನು ಮೀರಿತ್ತು. ಇಂಥ ಒಗಟುಗಳಲ್ಲಿ ಹೆಚ್ಚು ಕೆಡುವುದು ಈ ಕೊನೆಯ ಸಾಲೇ: ತಳದಲ್ಲಿ ಇರುವುದಕ್ಕಿಂತ ದೊಡ್ಡ ಮಾತನ್ನು ಮೇಲ್ಭಾಗ ಆಡಿಬಿಡುತ್ತದೆ. ಹಿರಿಯರೇ ತಿದ್ದಿದರು. ‘ಇದು ಕೊಲೆ’ ಎಂಬುದನ್ನು ಹೊಡೆದು, ‘ಇವರು ಸತ್ತ ಮೇಲೆ ಇಲ್ಲಿಗೆ ಯಾರೋ ಬಂದುಹೋಗಿದ್ದಾರೆ’ ಎಂದು ಬರೆದರು. ಬಾಟಲಿ, ಚೀಟಿ ಎರಡರಲ್ಲಿ ಒಂದು ಸಾಕು ಎಂದು ಚೀಟಿ ತೆಗೆದರು. ದಾರಿ ತಪ್ಪಿಸುವ ವಸ್ತು ಒಂದಿದ್ದರೆ ರುಚಿ, ಎರಡಾದರೆ ಕಿರಿಕಿರಿ. ಒಳಗಿನಿಂದ ಚಿಲಕ ಹಾಕಿರಲಿಲ್ಲ, ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಕೊಲೆಗಾರನ ಹತ್ತಿರ ಇನ್ನೊಂದು ಕೀಲಿ ಇತ್ತು ಎಂಬುದನ್ನು ತಳಕ್ಕೆ ಸೇರಿಸಿದರು. ಅದಿಲ್ಲದೆ ಅವನು ಎರಡನೇ ಸಲ ಒಳಗೆ ಬರುವುದು ಹೇಗೆ?

ಹನ್ನೊಂದೂ ಮುಕ್ಕಾಲಿಗೆ ಗಾಡಿ ಒಮ್ಮೆ ಜಗ್ಗಿ ಹೊರಟಿತು. ದೀಪ ಆರಿಸಿದ ಮೇಲೆ ಮೇಲಿನ ಬರ್ತಿನಿಂದ ಹುಡುಗನ ದನಿ ಬಂತು.

“ಸರ್, ಮನೆಯಲ್ಲಿ ಇಲಿಗಳಿದ್ದು, ಅವು ಹೆಣದ ಕೈಯನ್ನ ಎಳೆದಾಡಿದ್ದರೆ ವಾಚು ಓಡ್ತಿತ್ತಾ?”

ಕೆಳಗಿನಿಂದ ಅಜ್ಜಿ ಉತ್ತರಿಸಿದರು: “ಮುಖ್ಯವಲ್ಲ. ಮಲಕ್ಕೋ.”